ಸಿಪ್ಪೆ ಸಮೇತ ತೂಗಿದ ವೋಲ್ಟೇಜು

"ಸಾರ್, ಹೊಸಾ ಡ್ರೈವ್ ಕೆಟ್ಟಿದೆ. 25 ಹರ್ಟ್ಸ್‌ಗೆ ಇಟ್ರೆ 330 ವೋಲ್ಟ್ ಬರ್ತಿದೆ. 207 ಬರಬೇಕಲ್ವಾ?"

ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವರ ಫೋನು. ಯಾವ ಮೀಟರು ಎಂದು ಕೇಳಿದ್ದೇ ತಡ, ದನಿಗೆ ಹೆಮ್ಮೆ ಏರಿತು. "ಟ್ರೂ ಆರ್‌ಎಂಎಸ್ ಸಾರ್, ಹೋದ ವಾರ ಎಸ್.ಪಿ. ರೋಡಲ್ಲಿ ತಗೊಂಡಿದ್ದು. ಹಳೇ ಮುಳ್ಳಿನ ಮೀಟರು 210 ಅಂತ ಸುಳ್ಳು ತೋರಿಸ್ತಿತ್ತು."

ಸುಳ್ಳು ತೋರಿಸುತ್ತಿತ್ತಂತೆ! ಮೋಟರಿನ ವೇಗ ಬದಲಿಸುವ ಇಂಥ ಡ್ರೈವಿನ, ಅಂದರೆ ವಿಎಫ್‌ಡಿಯ, ಔಟ್‌ಪುಟ್ ಅಳೆಯಲು ಟ್ರೂ ಆರ್‌ಎಂಎಸ್ ಮೀಟರೇ ಬೇಕು, ಅದು ತೋರಿಸಿದ್ದೇ ಸತ್ಯ ಎಂಬ ಮಾತನ್ನು ಡಿಪ್ಲೊಮಾ ಹುಡುಗರಿಂದ ಹಿಡಿದು ತಲೆ ನರೆತ ಸೂಪರ್‌ವೈಸರ್‌ಗಳವರೆಗೆ ಎಲ್ಲರ ಬಾಯಲ್ಲೂ ಕೇಳಿದ್ದೇನೆ. ಹೀಗೆ ನಂಬಿ ಸರಿಯಿದ್ದ ಡ್ರೈವನ್ನು ಬಿಚ್ಚಿ ವಾಪಸು ಕಳಿಸಿದವರನ್ನೂ ನೋಡಿದ್ದೇನೆ.

ಡ್ರೈವಿನೊಳಗೆ ಆಗುವುದಿಷ್ಟು. 415 ವೋಲ್ಟಿನ ಎಸಿ ಒಳಗೆ ಹೋಗಿ ಸುಮಾರು 587 ವೋಲ್ಟಿನ ಡಿಸಿ ಆಗುತ್ತದೆ. ಐಜಿಬಿಟಿ ಎಂಬ ಸ್ವಿಚ್ಚುಗಳು ಆ ಡಿಸಿಯನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಹೊರಗೆ ಬಿಡುತ್ತವೆ. ಎರಡು ಫೇಸ್‌ಗಳ ನಡುವೆ ನೋಡಿದರೆ ಸಿಗುವುದು ಒಂದೋ ಸೊನ್ನೆ, ಇಲ್ಲವೇ ಆ ಕಡೆ ಈ ಕಡೆ ಪೂರ್ತಿ 587. ತಂತಿಯ ಮೇಲೆ 207 ವೋಲ್ಟ್ ಎಂಬುದು ಎಲ್ಲೂ ನಿಂತಿರುವುದೇ ಇಲ್ಲ. ಪಲ್ಸಿನ ಎತ್ತರ ಒಂದೇ, ಅಗಲ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಮೋಟರಿನ ವೈಂಡಿಂಗ್ ತನ್ನ ಇಂಡಕ್ಟೆನ್ಸ್‌ನಿಂದ ಈ ಚೂರುಗಳನ್ನೆಲ್ಲ ನುಣುಪಾಗಿಸಿಕೊಂಡು, 207 ವೋಲ್ಟಿನ 25 ಹರ್ಟ್ಸ್ ಸೈನ್ ಅಲೆ ಬಂದಂತೆಯೇ ತಿರುಗುತ್ತದೆ. ಟಾರ್ಕಿಗೆ ಬೇಕಾದ್ದು ಈ ಫಂಡಮೆಂಟಲ್ ಮಾತ್ರ.

ಟ್ರೂ ಆರ್‌ಎಂಎಸ್ ಮೀಟರು ಎತ್ತರವನ್ನು ವರ್ಗ ಮಾಡಿ ಲೆಕ್ಕ ಹಾಕುತ್ತದೆ. 587ರ ವರ್ಗ ಎಂದರೆ ಪಲ್ಸು ಎಷ್ಟೇ ಸಣಕಲಾಗಿದ್ದರೂ ಭಾರೀ ತೂಕ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ: 25 ಹರ್ಟ್ಸ್‌ನಲ್ಲಿ ಪಲ್ಸುಗಳ ಸರಾಸರಿ 187, ಅದನ್ನು 587ರಿಂದ ಗುಣಿಸಿ ವರ್ಗಮೂಲ ತೆಗೆದರೆ 331. ಹತ್ತು ಹರ್ಟ್ಸ್‌ಗೆ ಇಳಿಸಿದರೆ ತಮಾಷೆ ಇನ್ನೂ ಜೋರು, ಇರಬೇಕಾದ 83ರ ಜಾಗದಲ್ಲಿ 209. ಮೀಟರು ಸುಳ್ಳು ಹೇಳುತ್ತಿಲ್ಲ. ಕಡಲೆಕಾಯಿಯನ್ನು ಸಿಪ್ಪೆ ಸಮೇತ ತೂಗಿ ಬೀಜದ ತೂಕ ಇಷ್ಟು ಎಂದು ಬರೆದುಕೊಂಡರೆ ತಕ್ಕಡಿಯ ತಪ್ಪೇನು? ಸಾಲದ್ದಕ್ಕೆ, ಬ್ಯಾಂಡ್‌ವಿಡ್ತ್ ಕಡಿಮೆಯಿರುವ ಮೀಟರು ಸಿಪ್ಪೆಯಲ್ಲಿ ಅರ್ಧವನ್ನಷ್ಟೇ ತೂಗುತ್ತದೆ. ಆದ್ದರಿಂದಲೇ ಎರಡು ಟ್ರೂ ಆರ್‌ಎಂಎಸ್ ಮೀಟರುಗಳು ಒಂದೇ ಟರ್ಮಿನಲ್ಲಿನಲ್ಲಿ ಜಗಳವಾಡುತ್ತವೆ.

ಹಳೆಯ ರೆಕ್ಟಿಫೈಯರ್ ಮಾದರಿಯ ಮುಳ್ಳಿನ ಮೀಟರು ವರ್ಗದ ಗೊಡವೆಗೆ ಹೋಗುವುದಿಲ್ಲ. ಸರಾಸರಿ ಹಿಡಿದು 1.11ರಿಂದ ಗುಣಿಸಿದ್ದನ್ನು ತೋರಿಸುತ್ತದೆ. ಪಲ್ಸುಗಳ ಸರಾಸರಿಯೇ ಡ್ರೈವ್ ಬರೆಯಲು ಹೊರಟ ಅಲೆಯಾದ್ದರಿಂದ 187 ಗುಣಿಲೆ 1.11, ಸುಮಾರು 207! ಲಕ್ಷಗಟ್ಟಲೆ ಬೆಲೆಯ ಯೊಕೊಗಾವಾ ಪವರ್ ಅನಲೈಸರಿನಲ್ಲೂ ಇದೇ ಕೆಲಸಕ್ಕೆಂದು 'ಮೀನ್' ಮೋಡ್ ಇಟ್ಟಿದ್ದಾರೆ. ಹಾಗೆಂದು ಫುಟ್‌ಪಾತಿನ ಅಗ್ಗದ ಡಿಜಿಟಲ್ ಮೀಟರು ಹಿಡಿದು ಹೋಗಬೇಡಿ. ಪಲ್ಸುಗಳ ಗದ್ದಲಕ್ಕೆ ಅದು ಬಾಯಿಗೆ ಬಂದದ್ದು ಹೇಳುತ್ತದೆ. ಫ್ಲೂಕ್ 87 ವಿಯಂಥ ಮೀಟರಿನಲ್ಲಿ ಲೋ ಪಾಸ್ ಫಿಲ್ಟರ್ ಇರುತ್ತದೆ, ಅದನ್ನು ಹಾಕಿ ಫೇಸ್‌ನಿಂದ ಫೇಸ್‌ಗೆ ಅಳೆಯಿರಿ. ಮೊದಲು ಫಿಲ್ಟರ್ ಇಲ್ಲದೆ ಒಮ್ಮೆ ನೋಡಿಕೊಳ್ಳಿ, ಯಾಕೆಂದರೆ ಫಿಲ್ಟರ್ ಹಾಕಿದಾಗ ಅಪಾಯದ ವೋಲ್ಟೇಜೂ ಕಣ್ಣಿಗೆ ಬೀಳದಿರಬಹುದು. ಏನೂ ಇಲ್ಲದಿದ್ದರೆ ಡ್ರೈವಿನ ಡಿಸ್‌ಪ್ಲೇಯನ್ನೇ ಓದಿ. ಕಂಪನಿಯವರು ಬೇಕೆಂದೇ ಕಡಿಮೆ ತೋರಿಸುತ್ತಾರೆ ಎನ್ನುವುದು ಇನ್ನೊಂದು ಕಟ್ಟುಕತೆ.

ಉಳಿದ ಕಟ್ಟುಕತೆಗಳನ್ನು ಒಂದೇ ಉಸಿರಿಗೆ ಮುಗಿಸುತ್ತೇನೆ. ಸ್ವಿಚ್ ಆಫ್ ಮಾಡಿದ ಮರುಕ್ಷಣ ಮುಟ್ಟಬಹುದು ಎನ್ನುವವರು ಚಾರ್ಜ್ ಹಿಡಿದಿಟ್ಟುಕೊಂಡ ಡಿಸಿ ಕೆಪಾಸಿಟರನ್ನು ಮರೆತಿದ್ದಾರೆ. ಔಟ್‌ಪುಟ್‌ಗೆ ಕೆಪಾಸಿಟರ್ ಹಾಕಿದರೆ ಪವರ್ ಫ್ಯಾಕ್ಟರ್ ಸುಧಾರಿಸುವುದಿಲ್ಲ, ಐಜಿಬಿಟಿ ಸುಡುತ್ತದೆ. ಮೀಟರಿನಲ್ಲಿ ಸರಿ ಬಂದ ಮಾತ್ರಕ್ಕೆ ಮೋಟರಿನ ಇನ್ಸುಲೇಷನ್ ಕ್ಷೇಮ ಎನ್ನುವಂತಿಲ್ಲ. ಕೇಬಲ್ ಉದ್ದವಾದರೆ ಮೋಟರಿನ ತುದಿಯಲ್ಲಿ ಪಲ್ಸು ಪ್ರತಿಫಲಿಸಿ ಸಾವಿರ ವೋಲ್ಟ್ ದಾಟುತ್ತದೆ. ಅದನ್ನು ನೋಡಲು ಆಸಿಲೋಸ್ಕೋಪೇ ಬೇಕು.

ನನಗೆ ರೇಗುವುದು 'ಟ್ರೂ' ಎಂಬ ನಾಲ್ಕಕ್ಷರದ ಇಂಗ್ಲಿಷ್ ಮಾಡುವ ಮಾಯೆಗೆ. ಪೆಟ್ಟಿಗೆಯ ಮೇಲೆ ಅಚ್ಚಾಗಿದೆ, ಬೆಲೆ ಜಾಸ್ತಿ, ದಶಮಾಂಶದ ನಂತರ ಎರಡು ಅಂಕಿ ಹೆಚ್ಚು, ಮುಗಿಯಿತು, ಕೈಮುಗಿಯುವುದೇ. ಪ್ಯಾನೆಲ್ ಬೋರ್ಡಿಗೆ ಆಗ್ನೇಯ ಮೂಲೆಯನ್ನೇ ಹುಡುಕುವ ಮಾಲೀಕರನ್ನು ನೋಡಿ ನಗುವ ನಮ್ಮ ಎಂಜಿನಿಯರುಗಳು, ಮೀಟರು ಏನನ್ನು ಅಳೆಯುತ್ತಿದೆ ಎಂದು ಅದರ ಜೊತೆ ಬಂದ ಪುಸ್ತಕವನ್ನು ಬಿಚ್ಚಿ ನೋಡಿದ್ದನ್ನು ನಾನಂತೂ ಕಂಡಿದ್ದು ಅಪರೂಪ.

ಪೀಣ್ಯದವರಿಗೆ ಇಷ್ಟನ್ನೂ ಹೇಳಿ, ಡ್ರೈವ್ ಬಿಚ್ಚಬೇಡಿ, ಹಳೇ ಮೀಟರಿನಲ್ಲೇ ಇನ್ನೊಮ್ಮೆ ನೋಡಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಅದನ್ನ ಗುಜರಿಗೆ ಹಾಕ್ಬಿಟ್ಟೆ ಸಾರ್."