ಒಂದು ಶರತ್ಕಾಲದ ಸಂಚಿಕೆ

ಋತುವಿಗೊಂದರಂತೆ ಹೊರಡುವ ಸಾಹಿತ್ಯಪತ್ರಿಕೆಯಿಂದ ರಾಷ್ಟ್ರಗಳಿಗೆ ಏನು ಪ್ರಯೋಜನವೆಂದು ಕೇಳುವವರುಂಟು. ಅಂಥವರು 1922ನೆಯ ಇಸವಿ ಅಕ್ಟೋಬರಿನಲ್ಲಿ ಲಂಡನ್ನಿನಿಂದ ಹೊರಟ ‘ಕ್ರೈಟೀರಿಯನ್’ ತ್ರೈಮಾಸಿಕದ ಪ್ರಥಮ ಸಂಚಿಕೆಯನ್ನು ಅವಲೋಕಿಸಬೇಕೆಂದು ನಮ್ಮ ವಿಜ್ಞಾಪನೆ.

ಸಂಪಾದಕರಾದ ಟಿ. ಎಸ್. ಎಲಿಯಟ್ ಮಹಾಶಯರು ಆಗ ಲಾಯ್ಡ್ಸ್ ಬ್ಯಾಂಕಿನ ನೌಕರರು. ಹಗಲು ಬ್ಯಾಂಕಿನ ಕೆಲಸ, ಸಂಜೆ ಪತ್ರಿಕೆಯದು. ಅವರ ‘ದಿ ವೇಸ್ಟ್ ಲ್ಯಾಂಡ್’ ಕಾವ್ಯವು ಆ ಸಂಚಿಕೆಯಲ್ಲಿಯೇ ಬೆಳಕು ಕಂಡುದನ್ನು ಸಾಹಿತ್ಯಾಭಿಮಾನಿಗಳು ಬಲ್ಲರು. ನಮ್ಮ ಮನಸ್ಸನ್ನು ಸೆಳೆದುದಾದರೋ ಅದರ ನೆರೆಹೊರೆ. ರಷ್ಯದ ದಾಸ್ತೊಯೆವ್‌ಸ್ಕಿಯವರು ಬರೆಯದೆ ಉಳಿಸಿದ ಕಾದಂಬರಿಯೊಂದರ ರೂಪರೇಖೆ, ಐರ್ಲೆಂಡಿನ ಜಾಯ್ಸ್‌ರ ‘ಯುಲಿಸಿಸ್’ ಕುರಿತು ಫ್ರಾನ್ಸಿನ ವಲೆರಿ ಲಾರ್ಬೊ ಅವರ ಲೇಖನ, ಜರ್ಮನ್ ಭಾಷೆಯ ನೂತನ ಕಾವ್ಯದ ಮೇಲೆ ಹರ್ಮನ್ ಹೆಸ್ಸೆಯವರ ಪ್ರಬಂಧ, ಇವೆಲ್ಲವೂ ಒಂದೇ ಹೊದಿಕೆಯೊಳಗಿದ್ದವು. ಮಹಾಯುದ್ಧವು ನಿಂತು ಆಗ ನಾಲ್ಕೇ ವರ್ಷ. ರಾಜಕಾರಣಿಗಳು ಸೋತವರಿಂದ ಬರಬೇಕಾದ ದಂಡವನ್ನು ಎಣಿಸುತ್ತಿರಲು, ಈ ಪತ್ರಿಕೆಯು ನಿನ್ನೆಯ ಶತ್ರುವಿನ ಕವಿಗಳನ್ನು ಪಂಕ್ತಿಗೆ ಕರೆಯಿತು.

ಚಂದಾದಾರರು ಎಂದೂ ಬಹಳವಿರಲಿಲ್ಲ. 1939ರ ಜನವರಿಯಲ್ಲಿ ಪತ್ರಿಕೆ ನಿಂತಿತು; ಲೋಕದ ಸ್ಥಿತಿಯನ್ನು ಕಂಡು ಉತ್ಸಾಹವು ಕುಂದಿತೆಂದು ಸಂಪಾದಕರೇ ಬರೆದರು. ಅದೇ ಸೆಪ್ಟೆಂಬರಿನಲ್ಲಿ ಯುದ್ಧವು ಮರಳಿತು.

ಯುದ್ಧವನ್ನು ತಡೆಯುವ ಬಲ ಯಾವ ಪತ್ರಿಕೆಗೂ ಇಲ್ಲವೆಂಬುದನ್ನು ಈ ವ್ಯವಸಾಯದಲ್ಲಿಯೇ ತಲೆ ನರೆಸಿಕೊಂಡ ನಾವು ಬಲ್ಲೆವು. ಆದರೂ ಹದಿನಾರು ವರ್ಷ ಒಂದು ಬಾಗಿಲು ತೆರೆದಿತ್ತು. ನೆರೆಯವನ ಮಾತನ್ನು ಕೇಳುವ ಅಭ್ಯಾಸ ತಪ್ಪಿದ ನಾಡಿಗೆ ಅವನ ಫಿರಂಗಿಯ ಸದ್ದು ಮಾತ್ರ ಕೇಳಿಸುವುದು. ಆದುದರಿಂದ ಇಂತಹ ಸಂಚಿಕೆಯೊಂದು ಕೈಸೇರಿದಾಗ ವಾಚಕರು ಮೊದಲು ಅನುವಾದದ ಪುಟಗಳನ್ನು ತೆರೆಯಲೆಂದೂ, ಚಂದಾಹಣವನ್ನು ಬಾಕಿ ಇಡದೆ ಕಳುಹಿಸಲೆಂದೂ ಕೋರುತ್ತೇವೆ.