ದೀಪ ಹತ್ತೇತಿ, ನೆಟ್ ಬರವಲ್ದು

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಮನೆಗೆ ಇಂಟರ್ನೆಟ್ ಹಾಕಿಸಿಕೊಂಡವರ ದೂರು ಬಹುಮಟ್ಟಿಗೆ ಒಂದೇ: "ದೀಪ ಹತ್ತೇತಿ, ನೆಟ್ ಬರವಲ್ದು." ಲೈನ್ ಕಡಿದಿಲ್ಲ, ಬಿಲ್ಲು ಬಾಕಿಯಿಲ್ಲ, ರೌಟರಿನಲ್ಲಿ ಹಸಿರು ದೀಪ ಮಿಣುಕುತ್ತಲೇ ಇದೆ. ಆದರೂ ಕಂಪ್ಯೂಟರಿನಲ್ಲಿ ಮಗಳ ಕ್ಲಾಸು ನಿಂತು ನಿಂತು ಬರುತ್ತದೆ, ಪುಣೆಯಲ್ಲಿರುವ ಮಗನ ಮಾತು ತುಂಡಾಗುತ್ತದೆ. ಲೈನಿನ ಹುಡುಗನಿಗೆ ಫೋನ್ ಹಚ್ಚಿದರೆ "ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ" ಅನ್ನುತ್ತಾನೆ. ಮಾಡಿದರೆ ಸರಿಹೋಗುತ್ತದೆ. ಸಂಜೆಗೆ ಮತ್ತೆ ಅದೇ ಗೋಳು.

ನಮ್ಮ ಹಳೆಯ ಮನೆಗಳ ಕಲ್ಲು-ಮಣ್ಣಿನ ದಪ್ಪ ಗೋಡೆಗಳ ಮುಂದೆ ವೈಫೈ ಸೋಲುವುದು ನಿಜ. ಅದಕ್ಕೇ ಮೊದಲು ರೌಟರಿನಿಂದ ಕಂಪ್ಯೂಟರಿಗೆ ನೇರ ಕೇಬಲ್ ಹಾಕಿ ನೋಡಬೇಕು. ಕೇಬಲ್ ಹಾಕಿದ ಮೇಲೂ ತೊಂದರೆ ಉಳಿದರೆ, ಅದರ ಬೇರು ಬೇರೆ ಕಡೆ ಇರುತ್ತದೆ. ಆ ಬೇರುಗಳಲ್ಲಿ ಒಂದು ಕಣ್ಣಿಗೆ ಬಿದ್ದದ್ದು 2010ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಮನೆಯಲ್ಲಿ.

ಮನೆಯ ಯಜಮಾನ ಜಿಮ್ ಗೆಟ್ಟಿಸ್ ಸಾಮಾನ್ಯ ಗ್ರಾಹಕನಲ್ಲ. 1980ರ ದಶಕದಲ್ಲಿ, ಕಂಪ್ಯೂಟರ್ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್ ವಿಂಡೋ ಸಿಸ್ಟಮ್ ಕಟ್ಟಿದವರಲ್ಲೊಬ್ಬರು. ವೆಬ್ ಪುಟಗಳು ಓಡಾಡುವ ಎಚ್‌ಟಿಟಿಪಿ 1.1 ನಿಯಮಾವಳಿಯ ಸಂಪಾದಕರು. ಅಂಥವರ ಮನೆಯಲ್ಲೂ ಮಕ್ಕಳು "ಅಪ್ಪಾ, ಇವತ್ತು ನೆಟ್ ನಿಧಾನ" ಎನ್ನುತ್ತಿದ್ದರು. ಅವರು ಹುಡುಕಲು ಕೂತಾಗಲೆಲ್ಲ ತೊಂದರೆ ಮಾಯವಾಗುತ್ತಿತ್ತು. ಕಾರಣ ಆಮೇಲೆ ತಿಳಿಯಿತು: ಎಂಐಟಿಯ ಕಂಪ್ಯೂಟರಿಗೆ ಹಳೆಯ ಕಡತಗಳ ದೊಡ್ಡ ರಾಶಿಯನ್ನು ಅವರು ಮನೆಯಿಂದ ಕಳಿಸುತ್ತಿದ್ದರು. ಪರೀಕ್ಷೆ ಮಾಡುವ ಮುನ್ನ ಆ ಕೆಲಸವನ್ನು ನಿಲ್ಲಿಸುತ್ತಿದ್ದರು. ಅದು ನಿಂತ ಕೂಡಲೇ ರೋಗವೂ ನಿಲ್ಲುತ್ತಿತ್ತು.

ಈ ಸಲ ನಿಲ್ಲಿಸದೆ ಅಳೆದರು. ಅಳೆಯುವ ಸಾಧನ ನಮ್ಮೆಲ್ಲರ ಕಂಪ್ಯೂಟರಿನಲ್ಲೂ ಇದೆ. ಅದೇ ಪಿಂಗ್, 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಬರೆದ ಪುಟ್ಟ ಪ್ರೋಗ್ರಾಮು. ಒಂದು ಸಣ್ಣ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ತೋರಿಸುತ್ತದೆ. ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕಾದ ಪಯಣ ಗೆಟ್ಟಿಸ್ ಮನೆಯಿಂದ ಒಂದು ಸೆಕೆಂಡ್ ದಾಟುತ್ತಿತ್ತು. ಲೈನ್ ಕಡಿದಿರಲಿಲ್ಲ. ಪ್ಯಾಕೆಟ್‌ಗಳು ಎಲ್ಲೋ ಕೂತು ಕಾಯುತ್ತಿದ್ದವು.

ಎಲ್ಲಿ? ಮೋಡೆಮ್ಮು, ರೌಟರುಗಳ ಬಫರಿನಲ್ಲಿ. ಬಫರ್ ಅಂದರೆ ಮುಂದಿನ ದಾರಿ ಬಿಡುವಾಗುವ ತನಕ ಪ್ಯಾಕೆಟ್ ಇಟ್ಟುಕೊಳ್ಳುವ ಮೆಮೊರಿ. ಮೆಮೊರಿ ಅಗ್ಗವಾದ ಮೇಲೆ, ಒಂದು ಪ್ಯಾಕೆಟ್ಟೂ ಕಳೆಯಬಾರದೆಂದು ತಯಾರಕರು ಬಫರನ್ನು ದೊಡ್ಡದು ಮಾಡುತ್ತ ಹೋದರು. ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಪಾಳಿ ಹಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪಾಳಿಗೆ ಎಷ್ಟು ಉದ್ದ ಕಟಕಟೆ ಕಟ್ಟಿದರೂ ಗುಡಿಯ ಬಾಗಿಲು ಅಷ್ಟೇ ಇರುತ್ತದೆ, ಹೆಚ್ಚುವುದು ಕಾಯುವ ಹೊತ್ತು ಮಾತ್ರ. ಬರೀ ಒಂದು ಕಾಯಿ ಕೊಟ್ಟು ಹೋಗಲು ಬಂದವರೂ ಎಲ್ಲರ ಹಿಂದೆಯೇ ನಿಲ್ಲಬೇಕು.

ಇಲ್ಲೊಂದು ಸೂಕ್ಷ್ಮವಿದೆ, ನನಗೆ ಇಡೀ ಕತೆಯಲ್ಲಿ ಬಹಳ ಮುಖ್ಯ ಅನಿಸುವುದು ಇದೇ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ನಡುವಿನ ದೂರ 400 ಗಜ. ಪ್ರಯೋಗಾಲಯದ ಸಂಶೋಧಕ ವ್ಯಾನ್ ಜೇಕಬ್ಸನ್ ಅದರ ಕಾರಣ ಹುಡುಕಿ, 1988ರಲ್ಲಿ ಪರಿಹಾರ ಪ್ರಕಟಿಸಿದರು: ಪ್ಯಾಕೆಟ್ ಕಳೆದರೆ ದಾರಿ ತುಂಬಿದೆ ಎಂದು ತಿಳಿದು ಕಳಿಸುವವನು ವೇಗ ಇಳಿಸಬೇಕು. ಇಂದಿಗೂ ಕಡತ ಕಳಿಸುವ ಬಹಳಷ್ಟು ಕೆಲಸ ನಡೆಯುವುದು ಈ ನಂಬಿಕೆಯ ಮೇಲೆ. ಒಂದೂ ಪ್ಯಾಕೆಟ್ ಕಳೆಯದಂತೆ ಹಿಡಿದಿಟ್ಟುಕೊಳ್ಳುವ ದೊಡ್ಡ ಬಫರ್ ಆ ಎಚ್ಚರಿಕೆಯ ದನಿಯನ್ನೇ ಅಡಗಿಸಿಬಿಡುತ್ತದೆ. ಕಳಿಸುವ ಕಂಪ್ಯೂಟರು ದಾರಿ ಖಾಲಿಯಿದೆ ಎಂದುಕೊಂಡು ಇನ್ನಷ್ಟು ತುಂಬುತ್ತದೆ. ಒಳ್ಳೆಯದಕ್ಕೆಂದು ಮಾಡಿದ್ದೇ ಕೇಡು ತಂದಿತು.

ಗೆಟ್ಟಿಸ್ ತಾವು ಕಂಡದ್ದನ್ನು ಜೇಕಬ್ಸನ್, ವಿಂಟ್ ಸರ್ಫ್, ಡೇವ್ ಕ್ಲಾರ್ಕ್ ಅವರಂಥ ಇಂಟರ್ನೆಟ್ಟಿನ ಹಿರಿಯರ ಮುಂದಿಟ್ಟರು. ಹೋಟೆಲು, ಕಚೇರಿ, ಫೋನು, ಎಲ್ಲೆಲ್ಲಿ ಅಳೆದರೋ ಅಲ್ಲೆಲ್ಲ ಅದೇ ರೋಗ. ಅದಕ್ಕೆ 'ಬಫರ್‌ಬ್ಲೋಟ್' ಎಂಬ ಹೆಸರಿಟ್ಟರು. ಬಫರ್ ಉಬ್ಬಿದರೆ ಏನಾಗುತ್ತದೆಂದು ಇಂಜಿನಿಯರ್ ಜಾನ್ ನೇಗಲ್ 1985ರಲ್ಲೇ ಬರೆದಿದ್ದರು. ಕೇಳಿಸಿಕೊಂಡವರು ಕಡಿಮೆ.

ಔಷಧ 2012ರಲ್ಲಿ ಬಂತು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್ಸನ್ ಕೂಡಿ ರೂಪಿಸಿದ 'ಕೋಡೆಲ್' ಎಂಬ ವಿಧಾನ ಪಾಳಿಯಲ್ಲಿ ಎಷ್ಟು ಪ್ಯಾಕೆಟ್ ಇವೆ ಎಂದು ನೋಡುವುದಿಲ್ಲ, ಒಂದೊಂದು ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. ಕಾಯುವ ಹೊತ್ತು 100 ಮಿಲಿಸೆಕೆಂಡಿನ ಅವಧಿಯಲ್ಲಿ ಒಮ್ಮೆಯೂ 5 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯದಿದ್ದರೆ ಬೇಕೆಂದೇ ಒಂದು ಪ್ಯಾಕೆಟ್ ಬಿಟ್ಟುಬಿಡುತ್ತದೆ. ಕಳಿಸುವವನಿಗೆ ಸುದ್ದಿ ಮುಟ್ಟುತ್ತದೆ. ಪ್ರೋಗ್ರಾಮರ್ ಎರಿಕ್ ಡ್ಯುಮಾಜೆ ಇದಕ್ಕೆ ಪ್ರತಿ ಸಂಪರ್ಕಕ್ಕೂ ಬೇರೆ ಪಾಳಿ ಕೊಡುವ ಗುಣವನ್ನು ಜೋಡಿಸಿದರು.

ಈ ಕತೆಯ ಒಂದು ಪುಟ ನಮ್ಮ ಕರಾವಳಿಯದು. 'ಪೈ' ಎಂಬ ಇನ್ನೊಂದು ವಿಧಾನಕ್ಕೂ ಇಂಥ ಬೇರೆ ಬೇರೆ ಪಾಳಿಗಳನ್ನು ಕೂಡಿಸಿ, ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಮೋಹಿತ್ ತಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ಗೆ ಕೋಡ್ ಬರೆದರು. ಅದು ಸೇರಿದ ಲಿನಕ್ಸ್ 5.6 ಬಿಡುಗಡೆಯಾದದ್ದು 2020ರ ಮಾರ್ಚ್ 29ರಂದು. ದೇಶದಲ್ಲಿ ಲಾಕ್‌ಡೌನ್ ಆರಂಭವಾಗಿ ನಾಲ್ಕೇ ದಿನವಾಗಿತ್ತು. ಕೆಲವೇ ದಿನಗಳಲ್ಲಿ ಶಾಲೆ, ಕಚೇರಿ ಎಲ್ಲ ಮನೆಯ ಒಂದು ರೌಟರಿನ ಮೇಲೆ ಬಂದು ಕೂತವು. ಕನ್ನಡದ ನೆಲದಲ್ಲಿ ಬರೆದ ಸಾಲುಗಳು ಜಗತ್ತಿನ ಲಿನಕ್ಸ್‌ನ ಭಾಗವಾಗಿವೆ ಎಂಬುದು ಸಣ್ಣ ಮಾತಲ್ಲ. ನಮ್ಮ ಶಾಲೆಗಳಲ್ಲಿ ಇದನ್ನು ಹೇಳಬೇಕು.

ಮನೆಯಲ್ಲೇ ಪರೀಕ್ಷಿಸಲು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು, ಪಿಂಗ್ ಎಂದು ಬರೆದು, ಮುಂದೆ ಯಾವುದಾದರೂ ವೆಬ್‌ಸೈಟಿನ ಹೆಸರು, ಕೊನೆಗೆ ಮೈನಸ್ ಟಿ ಕೊಟ್ಟು ಎಂಟರ್ ಒತ್ತಿ. ಸಾಲು ಸಾಲಾಗಿ ಮಿಲಿಸೆಕೆಂಡಿನ ಲೆಕ್ಕ ಇಳಿಯುತ್ತದೆ. ಅದು ಓಡುತ್ತಿರುವಾಗಲೇ ಅದೇ ರೌಟರಿನ ವೈಫೈಗೆ ಸೇರಿದ ಮೊಬೈಲಿನಿಂದ ಮದುವೆಯ ದೊಡ್ಡ ವಿಡಿಯೊ ಒಂದನ್ನು ಕ್ಲೌಡಿಗೆ ಹಾಕಿ. ಎರಡಂಕಿಯಲ್ಲಿದ್ದ ಲೆಕ್ಕ ನೂರಾರಕ್ಕೆ ಏರಿ, ವಿಡಿಯೊ ನಿಲ್ಲಿಸಿದ ಕೂಡಲೇ ಇಳಿದರೆ ರೋಗ ಇದೇ. 'ಬಂದ್ ಮಾಡಿ ಚಾಲೂ' ಮಾಡಿದಾಗ ಸರಿಹೋದದ್ದೂ ಇದರಿಂದಲೇ: ಪಾಳಿ ಖಾಲಿಯಾಯಿತು, ಅಪ್‌ಲೋಡ್ ಸ್ವಲ್ಪ ಹೊತ್ತು ಕಡಿಯಿತು. ಏನೂ ಕಳಿಸದಿರುವಾಗಲೂ ಲೆಕ್ಕ ಏರಿಳಿಯುತ್ತಿದ್ದರೆ, ಉತ್ತರ ನಡುನಡುವೆ ತಪ್ಪುತ್ತಿದ್ದರೆ ತೊಂದರೆ ಬಹುಮಟ್ಟಿಗೆ ಲೈನಿನದು. ಅದನ್ನು ಕಂಪನಿಯವರೇ ನೋಡಬೇಕು.

ಓಪನ್‌ಡಬ್ಲ್ಯುಆರ್‌ಟಿ ಎಂಬ ಸಾಫ್ಟ್‌ವೇರ್ ಹಾಕಬಹುದಾದ ರೌಟರಿದ್ದರೆ ಎಸ್‌ಕ್ಯೂಎಂ ಎಂಬ ಸೌಲಭ್ಯ ಸಿಗುತ್ತದೆ. ಲೈನ್ ನಿಜವಾಗಿ ಕೊಡುವ ವೇಗ 40 ಎಂಬಿಪಿಎಸ್ ಇದ್ದರೆ ಅದರಲ್ಲಿ 36 ಎಂದು ಬರೆಯಬೇಕು. ಆಗ ಪಾಳಿ ಕಂಪನಿಯ ಡಬ್ಬಿಯಲ್ಲಿ ಬೆಳೆಯದೆ ನಮ್ಮ ರೌಟರಿನಲ್ಲೇ ನಿಲ್ಲುತ್ತದೆ, ಕಾಯುವ ಹೊತ್ತನ್ನು ಅದು ಅಂಕೆಯಲ್ಲಿಡುತ್ತದೆ. ಅಂಥ ರೌಟರ್ ಇಲ್ಲದವರು ಮೊಬೈಲಿನ ಫೋಟೊ ಬ್ಯಾಕಪ್ಪನ್ನು ಕ್ಲಾಸು ಮುಗಿಯುವ ತನಕ ನಿಲ್ಲಿಸಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಚಾಲೂ ಮಾಡಬಹುದು.