ಕಾರ್ಯಾಗಾರಕ್ಕೆ ಪೂರ್ವನಿರ್ಮಿತ ಉಕ್ಕಿನ ಕಟ್ಟಡ: ಅನುಕೂಲ ಮತ್ತು ಎಚ್ಚರಿಕೆ

ಬ್ಯಾಂಕಿನ ಸಾಲ ಪಡೆದು ಹೊಸ ಕಾರ್ಯಾಗಾರ ಕಟ್ಟುವ ಸಣ್ಣ ಉದ್ಯಮಿಗೆ ವಿಳಂಬವೇ ದೊಡ್ಡ ನಷ್ಟ. ಸಾಲದ ಮೊದಲ ಕಂತು ಕೈಸೇರಿದ ದಿನದಿಂದಲೇ ಬಡ್ಡಿ ಬೆಳೆಯುತ್ತದೆ. ಆದಾಯ ಬರುವುದು ಕಟ್ಟಡ ಪೂರ್ಣಗೊಂಡು ಯಂತ್ರಗಳು ತಿರುಗತೊಡಗಿದ ಮೇಲೆಯೇ. ಈ ಅವಧಿಯನ್ನು ತಗ್ಗಿಸುವುದೇ ಪೂರ್ವನಿರ್ಮಿತ ಉಕ್ಕಿನ ಕಟ್ಟಡದ ಪ್ರಮುಖ ಪ್ರಯೋಜನ.

ಈ ಪದ್ಧತಿಯಲ್ಲಿ ಕಂಬ, ತೊಲೆ, ಪರ್ಲಿನ್ ಮತ್ತು ಛಾವಣಿಯ ತಗಡುಗಳು ತಯಾರಕರ ಕಾರ್ಖಾನೆಯಲ್ಲಿಯೇ ಅಳತೆಗೆ ತಕ್ಕಂತೆ ಸಿದ್ಧವಾಗುತ್ತವೆ. ಅದೇ ಸಮಯದಲ್ಲಿ ನಿವೇಶನದಲ್ಲಿ ಅಡಿಪಾಯದ ಕೆಲಸ ಸಾಗುತ್ತಿರುತ್ತದೆ. ಅನಂತರ ಬಿಡಿಭಾಗಗಳನ್ನು ಲಾರಿಗಳಲ್ಲಿ ತಂದು ಬೋಲ್ಟುಗಳಿಂದ ಜೋಡಿಸಲಾಗುತ್ತದೆ. ಎರಡೂ ಕೆಲಸಗಳು ಒಟ್ಟಿಗೆ ನಡೆಯುವುದರಿಂದ ತಿಂಗಳುಗಳೇ ಉಳಿಯಬಹುದು.

ಉಕ್ಕಿನಲ್ಲಿಯೂ ಉಳಿತಾಯವುಂಟು. ಕಂಬ ಮತ್ತು ತೊಲೆ ಕೂಡುವೆಡೆ ಒತ್ತಡ ಹೆಚ್ಚು; ಅಲ್ಲಿ ತೊಲೆಯನ್ನು ಅಗಲವಾಗಿಯೂ, ಒತ್ತಡ ಕಡಿಮೆಯಿರುವೆಡೆ ಕಿರಿದಾಗಿಯೂ ರೂಪಿಸಲಾಗುತ್ತದೆ. ಸಾಮಾನ್ಯವಾಗಿ 250 ಮೆಗಾಪ್ಯಾಸ್ಕಲ್ ಬಲದ ಉಕ್ಕಿಗೆ ಬದಲಾಗಿ 345 ಮೆಗಾಪ್ಯಾಸ್ಕಲ್ ಬಲದ ಉಕ್ಕನ್ನು ಬಳಸುತ್ತಾರೆ. ನಡುವೆ ಕಂಬಗಳಿಲ್ಲದೆ 20-30 ಮೀಟರ್ ಅಗಲದ ಅಂಗಳ ದೊರೆಯುವುದರಿಂದ ಯಂತ್ರಗಳ ಸ್ಥಾನವನ್ನು ಬೇಕಾದಂತೆ ಬದಲಾಯಿಸಬಹುದು. ಮುಂದೆ ವಿಸ್ತರಿಸುವ ಉದ್ದೇಶವನ್ನು ಮೊದಲೇ ತಿಳಿಸಿದ್ದರೆ, ಕೊನೆಯ ಗೋಡೆಯನ್ನು ತೆಗೆದು ಅಂಕಣಗಳನ್ನು ಸೇರಿಸುತ್ತ ಹೋಗುವುದೂ ಸುಲಭ.

ಆದರೆ ಇವೆಲ್ಲ ಲಭಿಸಬೇಕಾದರೆ ನಿರ್ಧಾರಗಳು ಆದೇಶ ನೀಡುವ ಮೊದಲೇ ಆಗಬೇಕು. ಮುಂದೊಂದು ದಿನ 5 ಟನ್ನಿನ ಕ್ರೇನ್ ಬೇಕಾದೀತೆಂದು ಅನಿಸಿದರೆ ಅದರ ಭಾರವನ್ನು ಈಗಲೇ ವಿನ್ಯಾಸದಲ್ಲಿ ಸೇರಿಸಬೇಕು. ಉಕ್ಕನ್ನು ಲೆಕ್ಕಕ್ಕೆ ತಕ್ಕಷ್ಟೇ ಬಳಸಿರುವುದರಿಂದ ಬಳಿಕ ಬಲಪಡಿಸುವುದು ದುಬಾರಿ. ಐಎಸ್ 875ರ 3ನೆಯ ಭಾಗದ ಪ್ರಕಾರ ಮೂಲ ಗಾಳಿವೇಗವು ಬೆಂಗಳೂರಿನಲ್ಲಿ ಸೆಕೆಂಡಿಗೆ 33 ಮೀಟರ್, ಮಂಗಳೂರಿನಲ್ಲಿ 39 ಮೀಟರ್. ಆದ್ದರಿಂದ ಒಂದು ಊರಿನ ನಕ್ಷೆಯನ್ನು ಮತ್ತೊಂದು ಊರಿನಲ್ಲಿ ಹಾಗೆಯೇ ಬಳಸಬಾರದು. ಅಡಿಪಾಯದ ಬೋಲ್ಟುಗಳು ಸ್ಥಳ ತಪ್ಪಿದರೆ ಜೋಡಣೆಯೇ ನಿಂತು, ಉಳಿಸಿದ ಸಮಯ ವ್ಯರ್ಥವಾಗುತ್ತದೆ.

ತಗಡಿನ ಛಾವಣಿಯಡಿ ಶಾಖ ತಡೆಯುವ ಹೊದಿಕೆ ಹಾಗೂ ಗಾಳಿಕಿಂಡಿಗಳು ಅವಶ್ಯ. ಉಕ್ಕು ಸುಡುವುದಿಲ್ಲವಾದರೂ ಸುಮಾರು 550 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತನ್ನ ಬಲದ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಳ್ಳುತ್ತದೆ. ಬಣ್ಣ, ದ್ರಾವಕ ಮೊದಲಾದವುಗಳನ್ನು ಸಂಗ್ರಹಿಸುವವರು ಅಗ್ನಿರಕ್ಷಣೆಯನ್ನು ಕಡೆಗಣಿಸಕೂಡದು.

ತೆರಿಗೆಯ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಬೇಕು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 17(5)ನೆಯ ಕಲಮು, ಸ್ವಂತ ಬಳಕೆಯ ಸ್ಥಿರಾಸ್ತಿಯ ನಿರ್ಮಾಣಕ್ಕೆ ಇನ್‌ಪುಟ್ ತೆರಿಗೆ ಜಮೆಯನ್ನು ನಿರ್ಬಂಧಿಸುತ್ತದೆ. ಬೋಲ್ಟು ಬಿಚ್ಚಿ ಸ್ಥಳಾಂತರಿಸಬಹುದೆಂಬ ಒಂದೇ ಕಾರಣದಿಂದ ಜಮೆ ದೊರೆಯುವುದೆಂದು ನಂಬಿ ಯೋಜನಾವೆಚ್ಚವನ್ನು ಅಂದಾಜು ಮಾಡದೆ, ತೆರಿಗೆ ಸಲಹೆಗಾರರನ್ನು ವಿಚಾರಿಸುವುದು ಲೇಸು.

ದರಪಟ್ಟಿಗಳನ್ನು ತುಲನೆ ಮಾಡುವಾಗ ಚದರಡಿಯ ಬೆಲೆಯೊಂದನ್ನೇ ನೋಡಬಾರದು. ಉಕ್ಕಿನ ಒಟ್ಟು ತೂಕ, ತಗಡಿನ ದಪ್ಪ, ಲೇಪನ, ಪರಿಗಣಿಸಿದ ಗಾಳಿಯ ಹಾಗೂ ಕ್ರೇನಿನ ಭಾರಗಳನ್ನು ಲಿಖಿತವಾಗಿ ಪಡೆದು, ಸ್ವತಂತ್ರ ಎಂಜಿನಿಯರರಿಂದ ವಿನ್ಯಾಸವನ್ನು ಪರಿಶೀಲಿಸಿಕೊಂಡ ಬಳಿಕವೇ ಮುಂಗಡ ನೀಡುವುದು ಉಚಿತ.